ಬಾಕ್ಸ್‌ಎನ್ ವ್ಯಾಗನ್ ಮಾದರಿಗಳಿಗೆ ನೈಜವಾದ ಕಲ್ಲಿದ್ದಲಿನ ಹೇರು: ಪ್ರಶ್ನೋತ್ತರ

ಪ್ರಶ್ನೆ:

ಮೇಡಂ, ನಮಸ್ಕಾರ. ನಾನು ರಾಯಚೂರು ಕಡೆಯವನು. ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರಕ್ಕೆ ಕಲ್ಲಿದ್ದಲು ತರುವ ಗೂಡ್ಸ್ ಗಾಡಿಗಳನ್ನು ಚಿಕ್ಕಂದಿನಿಂದ ನೋಡುತ್ತ ಬೆಳೆದ ನನಗೆ ಅಂಥದ್ದೊಂದು ಗಾಡಿಯನ್ನು ಮನೆಯ ಮೇಜಿನ ಮೇಲೆ ಓಡಿಸಬೇಕೆಂಬ ಆಸೆ ಬಹಳ ಹಿಂದಿನದು. ಈಗ ಎಚ್‌ಒ ಅಳತೆಯಲ್ಲಿ, ಅಂದರೆ 1:87ರ ಪ್ರಮಾಣದಲ್ಲಿ, ಮೇಲ್ಭಾಗ ತೆರೆದಿರುವ ಗೂಡ್ಸ್ ಡಬ್ಬಿಗಳಾದ ಬಾಕ್ಸ್‌ಎನ್ ವ್ಯಾಗನ್‌ಗಳ ಆರು ಮಾದರಿಗಳನ್ನು ಹೊಂದಿಸಿಕೊಂಡಿದ್ದೇನೆ. ಅವುಗಳಿಗೆ ಹೇರು ಮಾಡಲೆಂದು ರಟ್ಟು ಕತ್ತರಿಸಿ, ಫೆವಿಕಾಲ್ ಬಳಿದು, ಇಸ್ತ್ರಿ ಅಂಗಡಿಯಿಂದ ತಂದ ಇದ್ದಿಲನ್ನು ಕುಟ್ಟಿ ಮೇಲೆ ಉದುರಿಸಿದೆ. ಮರುದಿನ ನೋಡಿದರೆ ರಟ್ಟು ದೋಣಿಯಂತೆ ಬಾಗಿತ್ತು. ಇದ್ದಿಲು ಕೆಲವೆಡೆ ಅಂಟಿನಿಂದ ಮಿಂಚುತ್ತಿತ್ತು, ಉಳಿದೆಡೆ ಬೂದಿಯಂತೆ ಮಂಕಾಗಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಅದು ಕಲ್ಲಿದ್ದಲು ಎಂದು ಅನಿಸಲೇ ಇಲ್ಲ. ತಾವು ವೃತ್ತಿಯಿಂದಲೇ ಮಾದರಿಗಳನ್ನು ಮಾಡುವವರಾದ್ದರಿಂದ, ನಾನು ಎಲ್ಲಿ ತಪ್ಪಿದೆ ಎಂಬುದನ್ನು ದಯವಿಟ್ಟು ತಿಳಿಸಿಕೊಡಬೇಕು.

ಉತ್ತರ:

ನಮಸ್ಕಾರ. ರಟ್ಟು ಬಾಗಿದ್ದು, ಅಂಟು ಮಿಂಚಿದ್ದು ಸುಲಭವಾಗಿ ಸರಿಪಡಿಸಬಹುದಾದ ವಿಷಯಗಳು. "ಕಲ್ಲಿದ್ದಲು ಎಂದು ಅನಿಸಲೇ ಇಲ್ಲ" ಎಂದಿರಲ್ಲ, ಅದನ್ನು ಮೊದಲು ನೋಡೋಣ. ಅಂಟು, ಬಣ್ಣಗಳ ಯೋಚನೆಗೆ ಮುನ್ನ, ಈ ವ್ಯಾಗನ್‌ಗೆ ಹೇರು ತುಂಬಿದ್ದು ಎಲ್ಲಿ, ಯಾವ ಯಂತ್ರದಿಂದ ಎಂಬುದನ್ನು ಮನಸ್ಸಿನಲ್ಲಿ ನಿಶ್ಚಯಿಸಿಕೊಳ್ಳಬೇಕು. ಹರಳಿನ ಗಾತ್ರ, ಗುಪ್ಪೆಯ ಆಕಾರ, ಬಣ್ಣ ಎಲ್ಲವೂ ಅಲ್ಲಿಂದಲೇ ಹುಟ್ಟುತ್ತವೆ.

ವ್ಯಾಗನ್‌ನ ಲೆಕ್ಕದಿಂದ ಆರಂಭಿಸುತ್ತೇನೆ. ಬಾಕ್ಸ್‌ಎನ್‌ನ ಒಳ ಅಳತೆ 9,784 ಮಿ.ಮೀ. ಉದ್ದ, 2,950 ಮಿ.ಮೀ. ಅಗಲ, 1,950 ಮಿ.ಮೀ. ಎತ್ತರ, ಒಟ್ಟು ಸುಮಾರು 56 ಘನ ಮೀಟರ್. ಮೂಲ ವಿನ್ಯಾಸದ ಪ್ರಕಾರ ಅದು ಹೊರಬಹುದಾದ ತೂಕ ಸುಮಾರು 58.8 ಟನ್. ಸಡಿಲವಾಗಿ ಸುರಿದ ಕಲ್ಲಿದ್ದಲು ಘನ ಮೀಟರಿಗೆ ಸುಮಾರು 900 ಕೆ.ಜಿ. ತೂಗುತ್ತದೆ ಎಂದಿಟ್ಟುಕೊಂಡರೆ, ಅಂಚಿನ ಮಟ್ಟಕ್ಕೆ ತುಂಬಿದಾಗ ಐವತ್ತು ಟನ್ನಿನ ಆಸುಪಾಸಿನಲ್ಲೇ ನಿಲ್ಲುತ್ತದೆ. ಉಳಿದದ್ದು ಅಂಚಿಗಿಂತ ಮೇಲೆ ಗುಪ್ಪೆಯಾಗಿ ಕೂರಲೇಬೇಕು. ಹೊಸಪೇಟೆ, ತೋರಣಗಲ್ಲು ಕಡೆ ಕಬ್ಬಿಣದ ಅದಿರು ಹೊತ್ತ ಇದೇ ಬಗೆಯ ವ್ಯಾಗನ್‌ಗಳನ್ನು ಮೇಲ್ಸೇತುವೆಯಿಂದ ನೋಡಿದವರಿಗೆ ಇದರ ಇನ್ನೊಂದು ಮಗ್ಗುಲು ಗೊತ್ತಿರುತ್ತದೆ: ಅದಿರು ಅಷ್ಟು ಭಾರವಾದ್ದರಿಂದ ಅರ್ಧ ತುಂಬುವ ಮೊದಲೇ ತೂಕದ ಮಿತಿ ಮುಟ್ಟಿ, ವ್ಯಾಗನ್ ಖಾಲಿಯೇ ಇದೆಯೇನೋ ಎನಿಸುತ್ತದೆ.

ಈ ಲೆಕ್ಕವನ್ನು 1:87ಕ್ಕೆ ಇಳಿಸಿದರೆ ಕಲ್ಲಿದ್ದಲು ಅಂಚಿಗಿಂತ ಸರಾಸರಿ ಮೂರೂವರೆ ಮಿ.ಮೀ. ಎತ್ತರವಿರಬೇಕು. ಆದರೆ ಗೋಡೆಗೆ ತಾಗುವ ಕಡೆ ಅದು ಅಂಚಿಗಿಂತ ಒಂದು ಮಿ.ಮೀ. ಕೆಳಗೇ ಇರಲಿ, ನಡುವಿನ ಏಣು ಏಳೆಂಟು ಮಿ.ಮೀ. ಏರಲಿ. ಗಾಡಿಯ ಕುಲುಕಾಟಕ್ಕೆ ಕಲ್ಲಿದ್ದಲು ಕುಸಿದು ಅಂಚಿನಿಂದ ಕೆಳಗಿಳಿಯುತ್ತದೆ. ಅನೇಕರು ಮಾಡುವ ಹೇರುಗಳಲ್ಲಿ ಕಪ್ಪು ಹರಳು ಅಂಚಿನವರೆಗೂ ಬಂದು ಗೋಡೆಗೆ ಅಂಟಿಕೊಂಡಂತೆ ಕಾಣುತ್ತದೆ. ನನ್ನ ಕಣ್ಣಿಗೆ ಮೊದಲು ಚುಚ್ಚುವುದು ಅದೇ.

ಇನ್ನು ಆಕಾರ. ಸಿಲೋದ (ಕಲ್ಲಿದ್ದಲು ತುಂಬಿಟ್ಟ ಎತ್ತರದ ಗೋಪುರದ) ಕೆಳಗೆ ವ್ಯಾಗನ್‌ಗಳು ನಿಧಾನವಾಗಿ ಸಾಗುತ್ತಿರುವಾಗಲೇ ತುಂಬಿದ ರೇಕ್ (ಒಟ್ಟಿಗೆ ಜೋಡಿಸಿದ ವ್ಯಾಗನ್‌ಗಳ ಸಾಲು) ಆದರೆ ಪ್ರತಿ ವ್ಯಾಗನ್‌ನಲ್ಲೂ ಒಂದೇ ಉದ್ದನೆಯ ದಿಣ್ಣೆ ಇರುತ್ತದೆ, ಎರಡೂ ತುದಿಗಳಲ್ಲಿ ಇಳಿಜಾರು. ಮುಂದೆ ದೊಡ್ಡ ಬಕೆಟ್ ಇರುವ ಪೇ-ಲೋಡರ್ ಯಂತ್ರದಿಂದ ತುಂಬಿದ್ದಾದರೆ ಬಕೆಟ್ ಸುರಿದಲ್ಲೆಲ್ಲ ಒಂದೊಂದು ಗುಪ್ಪೆ, ಅವುಗಳ ನಡುವೆ ತಗ್ಗು, ಒಂದು ಮಗ್ಗುಲಿಗೆ ತುಸು ವಾಲಿದ ಏಣು. ಎರಡನ್ನೂ ಒಂದೇ ಗಾಡಿಯಲ್ಲಿ ಬೆರೆಸಬೇಡಿ, ಏಕೆಂದರೆ ಒಂದು ರೇಕ್ ಸಾಮಾನ್ಯವಾಗಿ ಒಂದೇ ಕಡೆ ತುಂಬಿ ಬರುತ್ತದೆ. ನಿಮ್ಮ ಆರು ಹೇರುಗಳು ಅಣ್ಣತಮ್ಮಂದಿರಂತೆ ಕಾಣಬೇಕು, ಅವಳಿಗಳಂತೆ ಅಲ್ಲ.

ಈಗ ಹರಳು. ಇದ್ದಿಲು ಸುಟ್ಟ ಮರ. ಅದು ಹಗುರ, ರಂಧ್ರಮಯ, ಕುಟ್ಟಿದಾಗ ನಾರಿನ ಗುಂಟ ಸೀಳುತ್ತದೆ. ಕಲ್ಲಿದ್ದಲು ಕಲ್ಲಿನಂತೆ ಮೂಲೆಮೂಲೆಯಾಗಿ ಒಡೆದು, ಒಡೆದ ಮುಖದಲ್ಲಿ ಸಣ್ಣ ಮಿಂಚು ತೋರುತ್ತದೆ. ಬೆಳಕು ಬಿದ್ದಾಗ ನೂರು ಕಡೆ ಒಂದೊಂದು ಚುಕ್ಕೆ ಹೊಳೆಯುವ ಆ ಗುಣವನ್ನು ಬಣ್ಣ ಬಳಿದು ತರಲಾಗದು, ಆದ್ದರಿಂದ ನಾನು ನಿಜವಾದ ಕಲ್ಲಿದ್ದಲನ್ನೇ ಬಳಸುತ್ತೇನೆ. ಕಲ್ಲಿದ್ದಲು ಉರಿಸುವ ಕಮ್ಮಾರರ ಕುಲುಮೆಯಲ್ಲಿ ಕೇಳಿದರೆ ಒಂದು ಹಿಡಿ ಕೊಡುತ್ತಾರೆ, ಆರು ವ್ಯಾಗನ್‌ಗಳಿಗೆ ಅಷ್ಟು ಸಾಕು. ಹಳಿಯ ಪಕ್ಕದಲ್ಲಿ ಬಿದ್ದದ್ದನ್ನು ಆಯಲು ಮಾತ್ರ ಹೋಗಬೇಡಿ; ಅದು ಅಪಾಯ, ಜೊತೆಗೆ ಅನುಮತಿಯಿಲ್ಲದೆ ಹಳಿಯ ಪ್ರದೇಶಕ್ಕೆ ಹೋಗುವುದು 1989ರ ರೈಲ್ವೆ ಕಾಯ್ದೆಯ ಪ್ರಕಾರ ಅಪರಾಧ.

ಕಲ್ಲಿದ್ದಲನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಸುತ್ತಿಗೆಯಿಂದ ಒಡೆಯಿರಿ. ಮೂಗಿಗೆ ಮಾಸ್ಕ್ ಇರಲಿ. ನಂತರ ಎರಡು ಜರಡಿಗಳಲ್ಲಿ ಜರಡಿ ಹಿಡಿದು ಮೂರು ಪಾಲು ಮಾಡಿ: ರಾಗಿ ಕಾಳಿನಷ್ಟು, ಉಪ್ಪಿಟ್ಟಿನ ರವೆಯಷ್ಟು, ಚಿರೋಟಿ ರವೆಯಷ್ಟು. ರಾಗಿ ಕಾಳಿನ ಗಾತ್ರ ನಿಮ್ಮ ಪ್ರಮಾಣದಲ್ಲಿ ಒಂದು ಗೇಣಿಗಿಂತ ಚಿಕ್ಕ ಗಟ್ಟಿಯಾಗುತ್ತದೆ. ಸಾಸಿವೆಗಿಂತ ದಪ್ಪನೆಯದು ಬಂದರೆ ವಿದ್ಯುತ್ ಕೇಂದ್ರದ ಹೇರಿನಲ್ಲಿ ಬಂಡೆಯಂತೆ ಕಾಣುತ್ತದೆ, ಅದನ್ನು ತೆಗೆದುಬಿಡಿ. ರವೆಯ ಪಾಲು ಹೆಚ್ಚಿರಲಿ, ರಾಗಿಯದು ಕಡಿಮೆ. ಎಲ್ಲವನ್ನೂ ನೀರಿನಲ್ಲಿ ಜಾಲಿಸಿ, ನೀರು ತಿಳಿಯಾದ ಮೇಲೆ ಒಣಗಿಸಿ. ಹಾಗೆ ಮಾಡದಿದ್ದರೆ ಕಪ್ಪು ಧೂಳು ವ್ಯಾಗನ್‌ನ ಅಚ್ಚಿಗೂ ಎಂಜಿನ್‌ನ ಗಿಯರಿಗೂ ಸೇರಿಕೊಳ್ಳುತ್ತದೆ.

ತಳಕ್ಕೆ ರಟ್ಟು ಬೇಡ. ರಟ್ಟು ಒಂದು ಮುಖದಲ್ಲಿ ಮಾತ್ರ ನೀರು ಕುಡಿದು, ಆ ಮುಖದ ಅಂಟು ಒಣಗುತ್ತ ಕುಗ್ಗುವಾಗ ಬಾಗುತ್ತದೆ. ಸನ್‌ಬೋರ್ಡ್ (ಹಗುರವಾದ ಪ್ಲಾಸ್ಟಿಕ್ ಫೋಮ್ ಹಲಗೆ) ತೆಗೆದುಕೊಳ್ಳಿ. ಒಳ ಅಳತೆ ಲೆಕ್ಕಕ್ಕೆ 112 ಮತ್ತು 34 ಮಿ.ಮೀ. ಬರುತ್ತದೆ, ಆದರೆ ನಿಮ್ಮ ಮಾದರಿಯ ಗೋಡೆಯ ದಪ್ಪ ಬೇರೆಯಿರಬಹುದಾದ್ದರಿಂದ ವ್ಯಾಗನ್ ಅನ್ನೇ ಅಳೆದು, ಉದ್ದ ಅಗಲ ಎರಡರಲ್ಲೂ ಒಂದು ಮಿ.ಮೀ. ಕಡಿಮೆ ಮಾಡಿ ಕತ್ತರಿಸಿ. ಅದರ ಮೇಲೆ ಥರ್ಮೊಕೋಲ್ ತುಂಡನ್ನು ಫೆವಿಕಾಲ್‌ನಿಂದ ಅಂಟಿಸಿ, ಗುಪ್ಪೆಯ ಆಕಾರಕ್ಕೆ ಚಾಕುವಿನಿಂದ ಕೆತ್ತಿ, ಉಪ್ಪುಕಾಗದದಿಂದ ಉಜ್ಜಿ, ಕಪ್ಪು ಅಕ್ರಿಲಿಕ್ ಬಣ್ಣ ಬಳಿಯಿರಿ. ಸ್ಪ್ರೇ ಬಣ್ಣ ಥರ್ಮೊಕೋಲನ್ನು ಕರಗಿಸುತ್ತದೆ, ಅದನ್ನು ಬಳಸಬೇಡಿ.

ಬಣ್ಣ ಒಣಗಿದ ಮೇಲೆ ತೆಳ್ಳಗೆ ಫೆವಿಕಾಲ್ ಹಚ್ಚಿ, ಮೊದಲು ರವೆ, ಆಮೇಲೆ ಅಲ್ಲಲ್ಲಿ ರಾಗಿ ಗಾತ್ರದ್ದು, ಕೊನೆಗೆ ತಗ್ಗುಗಳಲ್ಲಿ ಚಿರೋಟಿ ಗಾತ್ರದ್ದು ಉದುರಿಸಿ. ಇಲ್ಲಿ ಒಂದು ತೊಡಕಿದೆ: ಕಲ್ಲಿದ್ದಲು ನೀರನ್ನು ಒಗ್ಗಿಸಿಕೊಳ್ಳುವುದಿಲ್ಲ. ಅದರ ಮೇಲೆ ಅಂಟಿನ ನೀರು ಹಾಕಿದರೆ ಕೆಸುವಿನೆಲೆಯ ಮೇಲಿನ ಹನಿಯಂತೆ ಉರುಳಿ, ಹರಳುಗಳನ್ನು ಎಳೆದುಕೊಂಡು ಹೋಗುತ್ತದೆ. ಆದ್ದರಿಂದ ಮೊದಲು ಐಸೊಪ್ರೊಪೈಲ್ ಆಲ್ಕೋಹಾಲನ್ನು ಮಂಜಿನಂತೆ ಸಿಂಪಡಿಸಿ, ಅದು ತೇವವಿರುವಾಗಲೇ ಒಂದು ಪಾಲು ಫೆವಿಕಾಲ್‌ಗೆ ಮೂರು ಪಾಲು ನೀರು ಮತ್ತು ಒಂದೆರಡು ಹನಿ ಪಾತ್ರೆ ತೊಳೆಯುವ ದ್ರವ ಬೆರೆಸಿ, ಅಂಚಿನಿಂದ ಹನಿ ಹನಿಯಾಗಿ ಬಿಡಿ. ಅದು ತಾನಾಗಿಯೇ ಒಳಗೆ ಹರಿದುಹೋಗುತ್ತದೆ. ಒಂದು ದಿನ ಒಣಗಲಿ. ನಿಮ್ಮ ಹೇರಿನಲ್ಲಿ ಮಿಂಚಿದ್ದು ದಪ್ಪನೆಯ ಫೆವಿಕಾಲ್‌ನ ಪೊರೆ. ತೆಳು ಅಂಟಿನ ಬಳಿಕವೂ ಎಲ್ಲಾದರೂ ಅದು ಉಳಿದರೆ ಅಲ್ಲಿಗೆ ಮಾತ್ರ ಕುಂಚದಿಂದ ಮ್ಯಾಟ್ ವಾರ್ನಿಷ್ ಹಚ್ಚಿ. ಇಡೀ ಹೇರಿಗೆ ಹಚ್ಚಿದರೆ ಕಲ್ಲಿದ್ದಲಿನ ಸ್ವಂತ ಹೊಳಪೂ ಸತ್ತುಹೋಗುತ್ತದೆ.

ಮರುಪ್ರಶ್ನೆ:

ಬಹಳ ಉಪಕಾರವಾಯಿತು, ಮೇಡಂ. ಇನ್ನೆರಡು ಸಂದೇಹಗಳಿವೆ. ಗಾಡಿ ವಿದ್ಯುತ್ ಕೇಂದ್ರದಿಂದ ಖಾಲಿಯಾಗಿ ಮರಳಬೇಕಾದ್ದರಿಂದ ಹೇರನ್ನು ತೆಗೆದಿಡುವಂತಿರಬೇಕು, ಆದರೆ ಉಗುರಿನಿಂದ ಎಬ್ಬಿಸಿದರೆ ಅಂಚು ಉದುರುತ್ತದೆ. ಜೊತೆಗೆ, ಖಾಲಿ ವ್ಯಾಗನ್‌ಗಳು ತಿರುವಿನಲ್ಲಿ ಹಳಿ ತಪ್ಪುತ್ತಿವೆ. ಹೇರನ್ನೇ ಭಾರವಾಗಿ ಮಾಡಿದರೆ ಸರಿಹೋಗುವುದೇ?

ಉತ್ತರ:

ಹೇರನ್ನು ಭಾರ ಮಾಡಿದರೆ ಖಾಲಿ ಓಟದಲ್ಲಿ ತೊಂದರೆ ಹಾಗೆಯೇ ಉಳಿಯುತ್ತದೆ. ಭಾರವನ್ನು ವ್ಯಾಗನ್‌ನ ತಳದಡಿಯಲ್ಲಿ ಅಂಟಿಸಿ, ಹೇರನ್ನು ಆದಷ್ಟು ಹಗುರವಾಗಿಡಿ. ಮಾದರಿ ರೈಲು ಹವ್ಯಾಸಿಗಳ ಅಮೆರಿಕದ ಎನ್‌ಎಂಆರ್‌ಎ ಸಂಘ ಎಚ್‌ಒ ವ್ಯಾಗನ್‌ಗಳಿಗೆ ಶಿಫಾರಸು ಮಾಡಿರುವುದು ಒಂದು ಔನ್ಸ್ (ಸುಮಾರು 28 ಗ್ರಾಂ), ಮೇಲೆ ಉದ್ದದ ಪ್ರತಿ ಇಂಚಿಗೆ ಅರ್ಧ ಔನ್ಸ್. ಬಾಕ್ಸ್‌ಎನ್ ಒಂದು ತುದಿಯ ಕಪ್ಲರಿನಿಂದ (ವ್ಯಾಗನ್‌ಗಳನ್ನು ಜೋಡಿಸುವ ಕೊಂಡಿಯಿಂದ) ಇನ್ನೊಂದು ತುದಿಯ ಕಪ್ಲರಿಗೆ 10,713 ಮಿ.ಮೀ., ಅಂದರೆ ಮಾದರಿಯಲ್ಲಿ ಸುಮಾರು 123 ಮಿ.ಮೀ.; ಆ ಲೆಕ್ಕಕ್ಕೆ 97 ಗ್ರಾಂ ಬರುತ್ತದೆ. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ನೋಡಿ, ಕೊರತೆಯಷ್ಟನ್ನು ಮಾತ್ರ ಸೇರಿಸಿ.

ತೆಗೆಯುವುದಕ್ಕೆ, ಥರ್ಮೊಕೋಲ್ ಕೆತ್ತುವಾಗಲೇ ಏಣಿನ ಕೆಳಗೆ ಒಂದು ಕಬ್ಬಿಣದ ವಾಷರ್ ಹುದುಗಿಸಿ, ಮೇಲೆ ಕಲ್ಲಿದ್ದಲು ಮುಚ್ಚಿ. ಸಣ್ಣದಾದರೂ ಬಲವಾದ ಆಯಸ್ಕಾಂತವನ್ನು ಮೇಲೆ ಹಿಡಿದರೆ ಹೇರು ತಾನಾಗಿ ಎದ್ದು ಬರುತ್ತದೆ. ಖಾಲಿ ವ್ಯಾಗನ್‌ನ ಒಳಗೋಡೆಗಳಿಗೂ ಸ್ವಲ್ಪ ಕಪ್ಪು ಪುಡಿ, ಸ್ವಲ್ಪ ತುಕ್ಕಿನ ಬಣ್ಣ ಹಚ್ಚಿಡಿ. ವಿದ್ಯುತ್ ಕೇಂದ್ರದ ಟಿಪ್ಲರ್ ಯಂತ್ರ ವ್ಯಾಗನ್ ಅನ್ನೇ ಮಗುಚಿ ಖಾಲಿ ಮಾಡಿದರೂ ಮೂಲೆಗಳಲ್ಲಿ ಒಂದಿಷ್ಟು ಪುಡಿ ಉಳಿದೇ ಇರುತ್ತದೆ.

ಮತ್ತೊಬ್ಬ ಸದಸ್ಯರು:

ನಾನು ಗೂಡ್ಸ್ ಗಾರ್ಡ್ ಆಗಿದ್ದು ನಿವೃತ್ತನಾದವನು. ಮೇಡಂ ಅವರು ಹೇಳಿದ್ದಕ್ಕೆ ಒಂದು ಮಾತು ಸೇರಿಸಲು ಅನುಮತಿ ಕೋರುತ್ತೇನೆ. ನಾನು ಕೆಲಸ ಮಾಡಿದ ಕೆಲವು ರೇಕ್‌ಗಳಲ್ಲಿ ಕಲ್ಲಿದ್ದಲಿನ ಮೇಲೆ ಸುಣ್ಣದ ನೀರು ಚಿಮುಕಿಸಿರುತ್ತಿದ್ದರು. ದಾರಿಯಲ್ಲಿ ಯಾರಾದರೂ ಕದ್ದರೆ ಬಿಳಿಯ ನಡುವೆ ಕಪ್ಪು ಗುಂಡಿ ಎದ್ದು ಕಾಣುತ್ತಿತ್ತು. ಮಾದರಿಯಲ್ಲೂ ಅದನ್ನು ತೋರಿಸಲು ಸಾಧ್ಯವೇ?

ಉತ್ತರ:

ಬಹಳ ಒಳ್ಳೆಯ ಮಾತು ನೆನಪಿಸಿದಿರಿ, ಸರ್. ಖಂಡಿತ ಸಾಧ್ಯ. ಬಿಳಿ ಅಕ್ರಿಲಿಕ್ ಬಣ್ಣವನ್ನು ಹಾಲಿನಷ್ಟು ತೆಳು ಮಾಡಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಅದ್ದಿ, ಹೆಚ್ಚಾದದ್ದನ್ನು ಕಾಗದಕ್ಕೆ ಒರೆಸಿ, ಹೇರಿನ ಏಣಿನ ಮೇಲೆ ಹೆಬ್ಬೆರಳಿನಿಂದ ಚಿಮ್ಮಿಸಬೇಕು. ವ್ಯಾಗನ್‌ನಿಂದ ಹೊರತೆಗೆದು ಮಾಡಿದರೆ ಗೋಡೆಗಳಿಗೆ ಸಿಡಿಯುವುದಿಲ್ಲ. ಆರರಲ್ಲಿ ಒಂದು ವ್ಯಾಗನ್‌ನಲ್ಲಿ, ಬಿಳಿ ಒಣಗಿದ ಮೇಲೆ, ಅಂಚಿನ ಬಳಿ ಹೆಸರುಕಾಳಿನಷ್ಟು ಜಾಗವನ್ನು ಚಾಕುವಿನ ತುದಿಯಿಂದ ಕೆದಕಿ, ಅಲ್ಲಿ ಹೊಸದಾಗಿ ಕಪ್ಪು ಹರಳು ಅಂಟಿಸಿದರೆ ನೀವು ಕಂಡಿದ್ದ ಆ ಗುಂಡಿಯೂ ಸಿದ್ಧವಾಗುತ್ತದೆ.

ಮರುಪ್ರಶ್ನೆ:

ಕೊನೆಯದಾಗಿ, ಮುರ್ಮುಗೋವಾ ಬಂದರಿನಿಂದ ಕ್ಯಾಸಲ್‌ರಾಕ್ ಘಾಟಿ ಹತ್ತಿ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಹೋಗುವ ರೇಕ್ ಮಾಡುವುದಾದರೂ ಇದೇ ಮಿಶ್ರಣ ನಡೆಯುವುದೇ, ಮೇಡಂ?

ಉತ್ತರ:

ನಡೆಯುವುದಿಲ್ಲ. ಅದು ಹಡಗಿನಲ್ಲಿ ಬಂದ ಕೋಕಿಂಗ್ ಕಲ್ಲಿದ್ದಲು, ಅಂದರೆ ಉಕ್ಕು ತಯಾರಿಕೆಗೆ ಬಳಸುವ ಬಗೆ. ಪುಡಿ ಹೆಚ್ಚು, ಬಣ್ಣ ಗಾಢ. ರಾಗಿ ಗಾತ್ರದ್ದನ್ನು ಪೂರ್ತಿ ಬಿಟ್ಟು, ಚಿರೋಟಿ ಗಾತ್ರದ್ದನ್ನೇ ಮುಖ್ಯವಾಗಿ ಬಳಸಿ, ಇಳಿಜಾರನ್ನು ನಯವಾಗಿ ಮಾಡಿ. ನಿಮ್ಮ ಶಕ್ತಿನಗರದ ರೇಕ್‌ಗೆ ತೆಲಂಗಾಣದ ಸಿಂಗರೇಣಿ ಗಣಿಗಳ ಕಲ್ಲಿದ್ದಲನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರೆ ಇದಕ್ಕೆ ವಿರುದ್ಧವಾಗಿ ನಡೆಯಿರಿ: ಅದರಲ್ಲಿ ಬೂದಿಯ ಅಂಶ ಹೆಚ್ಚು, ಜೇಡಿಗಲ್ಲಿನ ತುಣುಕುಗಳೂ ಸೇರಿರುತ್ತವೆ. ಇಪ್ಪತ್ತು ಚಮಚ ಕಲ್ಲಿದ್ದಲಿಗೆ ಒಂದು ಚಮಚದಂತೆ, ಅದೇ ಗಾತ್ರಕ್ಕೆ ಜರಡಿ ಹಿಡಿದ ಬೂದುಗಲ್ಲಿನ ಪುಡಿಯನ್ನು ಅಂಟಿಸುವ ಮೊದಲೇ ಬೆರೆಸಿಕೊಳ್ಳಿ.