ಸ್ಲೀಪ್ ಆಪ್ನಿಯಾ: ಉಸಿರು ನಿಲ್ಲುವುದೋ, ಕಟ್ಟುವುದೋ?

ಎಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿಯ ಒಂದು ಹಲ್ಲಿನ ದವಾಖಾನೆಯಲ್ಲಿ ಕೆಲಸ ಮಾಡುತ್ತೇನೆ. ಹೊಸದಾಗಿ ಬಂದವರಿಂದ ತುಂಬಿಸಿಕೊಳ್ಳುವ ಫಾರ್ಮನ್ನು ಕನ್ನಡಕ್ಕೆ ತರುವ ಕೆಲಸ ನನ್ನ ತಲೆಗೆ ಬಂದಿದೆ. ಎರಡು ಪ್ರಶ್ನೆ ಕಾಡಿದವು.

ಒಂದು ತಾನಾಗಿಯೇ ಬಗೆಹರಿಯಿತು. 'ಮಧುಮೇಹ ಇದೆಯೇ?' ಅಂತ ಬರೆದಿದ್ದೆ. ಕುಂದಗೋಳ ಕಡೆಯ ಅಜ್ಜ ಒಬ್ಬರು 'ಇಲ್ಲರಿ' ಅಂದರು. ನೋಡಿದರೆ ಒಸಡು ಊದಿದೆ, ಮುಟ್ಟಿದರೆ ರಕ್ತ. 'ಶುಗರ್ ಐತೇನ್ರಿ?' ಅಂದೆ. 'ಹಾಂ, ಅದು ಹತ್ತು ವರ್ಷದಿಂದ ಐತ್ರಿ.' ಮಧುಮೇಹ ಹೋಯಿತು, ಶುಗರ್ ಬಂತು.

ಎರಡನೆಯದು ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಮತ್ತೆ ಮತ್ತೆ ಉಸಿರಾಟ ತಡೆಯುವ ಕಾಯಿಲೆ. ಇದಕ್ಕೆ ಕನ್ನಡದಲ್ಲಿ ಏನನ್ನುವುದು? ಹಲ್ಲಿನವರಿಗೆ ಇದೇಕೆ ಅನ್ನಬಹುದು. ಹೀಗೆ ಉಸಿರಾಟ ತಡೆದಾಗ ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಮೈ ಗಾಬರಿಯಾಗಿ ಅಡ್ರಿನಲಿನ್, ಕಾರ್ಟಿಸೋಲ್ ಅನ್ನುವ ಒತ್ತಡದ ಹಾರ್ಮೋನುಗಳನ್ನು ಏರಿಸುತ್ತದೆ. ಆಗ ಇನ್ಸುಲಿನ್ ಮಾತು ನಡೆಯುವುದಿಲ್ಲ, ಸಕ್ಕರೆ ಏರುತ್ತದೆ. ಸಕ್ಕರೆ ಏರಿದರೆ ಒಸಡಿಗೆ ಪೆಟ್ಟು. ಒಸಡು ಕೆಟ್ಟರೆ ಸಕ್ಕರೆ ಹತೋಟಿಗೆ ಬರುವುದೂ ಕಷ್ಟ. ನಾಲಿಗೆಯ ಅಂಚಿನಲ್ಲಿ ಹಲ್ಲಿನ ಅಚ್ಚು ಬಿದ್ದಿದ್ದರೆ, ಹಲ್ಲು ಸವೆದು ಬಾಯಿ ಒಣಗಿದ್ದರೆ ಡಾಕ್ಟರು ಗೊರಕೆಯ ಬಗ್ಗೆ ಕೇಳಿಯೇ ಕೇಳುತ್ತಾರೆ. ಕೆಲವರಿಗೆ ಕೆಳದವಡೆಯನ್ನು ಮುಂದಕ್ಕೆ ಹಿಡಿಯುವ ಸಾಧನವನ್ನೂ ಇವರೇ ಮಾಡಿಕೊಡುತ್ತಾರೆ.

ಪದಕ್ಕೆ ಬರೋಣ. ಆಪ್ನಿಯಾ ಗ್ರೀಕ್ ಮೂಲದ್ದು, 'ಉಸಿರಿಲ್ಲದಿರುವುದು' ಅಂತ ಅರ್ಥ. ವೈದ್ಯರ ಲೆಕ್ಕದಲ್ಲಿ ಕನಿಷ್ಠ 10 ಸೆಕೆಂಡ್ ತಡೆದಿರಬೇಕು. 'ರಾತ್ರಿ ಉಸಿರು ನಿಲ್ಲುತ್ತದೆಯೇ?' ಅಂತ ಬರೆದೆ. ಓದಿದ ಹೆಂಗಸೊಬ್ಬರು 'ಅಯ್ಯ, ಉಸಿರು ನಿಂತ್ರ ಇಲ್ಲಿಗೆ ಹೆಂಗ ಬರ್ತಿದ್ದೆವ್ರಿ?' ಅಂದರು. ಸರಿಯೇ ಅಲ್ವಾ? ಕನ್ನಡದಲ್ಲಿ ಉಸಿರು ನಿಂತಿತು ಅಂದರೆ ಜೀವ ಹೋಯಿತು ಅಂತಲೇ. 'ಉಸಿರು ಹಿಡಿಯುವುದು' ಬೇಕಂತ ಮಾಡುವ ಕೆಲಸ, ಪ್ರಾಣಾಯಾಮದ ಹಾಗೆ. 'ನಿದ್ರಾ ಶ್ವಾಸಾವರೋಧ' ಅಂದರೆ ಫಾರ್ಮ್ ತುಂಬಿಸುವವರಿಗೇ ಉಸಿರುಗಟ್ಟೀತು.

ನನಗೆ 'ಕಟ್ಟು' ಹಿಡಿಸಿದೆ. ಮೂಗು ಕಟ್ಟುತ್ತದೆ, ಕಿವಿ ಕಟ್ಟುತ್ತದೆ, ಗಂಟಲು ಕಟ್ಟುತ್ತದೆ. ಎಲ್ಲ ಕಡೆಯೂ ದಾರಿ ಮುಚ್ಚಿದೆ ಅಂತಲೇ ಅರ್ಥ. ಹೆಚ್ಚಿನವರಲ್ಲಿ ಆಗುವುದೂ ಅದೇ: ಗಂಟಲ ಸ್ನಾಯು ಸಡಿಲಾಗಿ, ನಾಲಿಗೆ ಹಿಂದೆ ಸರಿದು ಗಾಳಿಯ ದಾರಿ ಮುಚ್ಚುತ್ತದೆ. ಆದರೆ ಮಿದುಳೇ 'ಉಸಿರಾಡು' ಅನ್ನುವುದನ್ನು ಮರೆಯುವ ಇನ್ನೊಂದು ಬಗೆ ಇದೆ. ಅಲ್ಲಿ ಏನೂ ಕಟ್ಟಿರುವುದಿಲ್ಲ, ಪದ ಸೋಲುತ್ತದೆ. ಜತೆಗೆ 'ಉಸಿರುಗಟ್ಟು' ಅಂದರೆ ಹೊಗೆ, ಇಕ್ಕಟ್ಟು, ರಾಜಕೀಯದ ವಾತಾವರಣ ಎಲ್ಲ ನೆನಪಾಗುತ್ತವೆ.

ಆ ಹೆಂಗಸೇ ತಮ್ಮ ಗಂಡನ ಬಗ್ಗೆ ಹೇಳಿದ್ದು ಹೀಗೆ: 'ಗೊರಕಿ ಹೊಡಕೋತ ಒಮ್ಮಿಗೇ ಸುಮ್ನಾಗ್ತಾರ್ರಿ. ಆಮ್ಯಾಲ ಗಕ್ಕನ ಏಳ್ತಾರ.' ಸದ್ಯಕ್ಕೆ ಫಾರ್ಮಿನಲ್ಲಿ 'ಗೊರಕೆಯ ನಡುವೆ ಒಮ್ಮೆಲೇ ಸುಮ್ಮನಾಗಿ, ಉಸಿರಿಗಾಗಿ ಗಕ್ಕನೆ ಏಳುತ್ತೀರಾ?' ಅಂತ ಹಾಕಿದ್ದೇನೆ. ಪ್ರಶ್ನೆಗೆ ಇದು ಸಾಕು. ಆದರೆ ಕಾಯಿಲೆಗೊಂದು ಹೆಸರು ಬೇಕಲ್ಲ. 'ನಿದ್ದೆಗಟ್ಟು' ಅಂದರೆ ನಿದ್ದೆಗೆಡುವುದು ಅಂತ ಓದಿಕೊಂಡಾರೇ? ಗದಗ, ಹಾವೇರಿ ಕಡೆಯ ಹಿರಿಯರು ಇದಕ್ಕೆ ಬೇರೆ ಮಾತು ಬಳಸುವುದನ್ನು ಯಾರಾದರೂ ಕೇಳಿದ್ದೀರಾ?