ಸಹಾಯ ಬೇಕು: ಕೊರಿಯನ್ ಸಿನಿಮಾಗಳಿಗೆ ಕನ್ನಡ ಸಬ್‌ಟೈಟಲ್

ಮೂರು ಚಿತ್ರಗಳಿಗೆ ಕನ್ನಡ ಸಬ್‌ಟೈಟಲ್ ತಯಾರಾಗುತ್ತಿದೆ: 'ಟ್ರೇನ್ ಟು ಬೂಸಾನ್' (2016, ಜಾಂಬಿ), 'ದಿ ಹ್ಯಾಂಡ್‌ಮೇಡನ್' (2016), 'ಪ್ಯಾರಾಸೈಟ್' (2019). ಕೊರಿಯನ್ ಮಾತು ಕಿವಿಯಿಂದ ಕೇಳಿಯೇ ಅರ್ಥವಾಗುವವರೊಬ್ಬರು ತುರ್ತಾಗಿ ಬೇಕು.

ತೊಡಕು ಇಂಗ್ಲಿಷ್ ಸಬ್‌ಟೈಟಲಿನದು. ಅದರಲ್ಲಿ ಎಲ್ಲರೂ 'ಯೂ'. ಮೂಲದಲ್ಲಿ ಏಕವಚನ, ಬಹುವಚನದಂಥ ಭೇದ ಕ್ರಿಯಾಪದದ ಕೊನೆಯಲ್ಲೇ ಇರುತ್ತದೆ. ನಮ್ಮ 'ಬಾ', 'ಬನ್ನಿ' ಇದ್ದ ಹಾಗೆ. ಇಂಗ್ಲಿಷ್ ನೋಡಿ ಅನುವಾದಿಸಿದರೆ ಯಾರು ಯಾವಾಗ 'ನೀವು' ಬಿಟ್ಟು 'ನೀನು' ಅಂದರು ಅನ್ನುವುದೇ ಮಾಯ. 'ಪ್ಯಾರಾಸೈಟ್'ನಲ್ಲಂತೂ ಅರ್ಧ ಕಥೆ ಅದರಲ್ಲೇ ಇದೆ. ಮನೆಪಾಠದ ಹುಡುಗನನ್ನು ಕರೆಯುವ 'ಸೊನ್‌ಸೆಂಗ್‌ನಿಮ್' (ಗುರುಗಳಿಗೆ ಗೌರವದ ಸಂಬೋಧನೆ) ಅನ್ನುವುದಕ್ಕೆ 'ಮೇಷ್ಟ್ರೇ' ಸರಿಯೋ, 'ಸರ್' ಸಾಕೋ? 'ಹ್ಯಾಂಡ್‌ಮೇಡನ್'ನ ಕೊರಿಯನ್ ಹೆಸರೇ 'ಆಗಸ್ಸಿ', ಅಂದರೆ ಮನೆಯ ಯುವ ಒಡತಿ. ಕೆಲಸದವಳ ಬಾಯಲ್ಲಿ ಅದಕ್ಕೆ 'ಚಿಕ್ಕಮ್ಮಾವ್ರೇ' ಒಗ್ಗುತ್ತದಾ? ಇದರಲ್ಲಿ ಜಪಾನೀ ಮಾತೂ ಇದೆ, ಅದನ್ನು ಹಳದಿ ಬಣ್ಣದಲ್ಲಿ ಇಡುತ್ತಿದ್ದೇವೆ.

ಟೈಮಿಂಗ್ ಸಮಸ್ಯೆ ಬಗೆಹರಿದಿದೆ: ಸೆಕೆಂಡಿಗೆ 25 ಫ್ರೇಮಿನ ವಿಡಿಯೋಗೆ ಮಾಡಿದ ಸಬ್‌ಟೈಟಲ್ ಫೈಲನ್ನು 23.976 ಫ್ರೇಮಿನ ವಿಡಿಯೋಗೆ ಹಾಕಿದರೆ ಎರಡು ಗಂಟೆಯ ಹೊತ್ತಿಗೆ ಸಾಲುಗಳು ಸುಮಾರು 5 ನಿಮಿಷ ಮುಂಚೆ ಬರುತ್ತವೆ. ಎಲ್ಲ ಸಾಲುಗಳನ್ನೂ ಒಂದೇ ಸಮ ತಡಮಾಡಿದರೆ ಸಾಲದು, ಫೈಲಿನ ಫ್ರೇಮ್ ರೇಟನ್ನೇ ಬದಲಿಸಬೇಕು.

ಉಳಿದದ್ದು ಒತ್ತಕ್ಷರ. ಫೈಲನ್ನು ಯುಟಿಎಫ್-8ರಲ್ಲಿ (ಕನ್ನಡವೂ ಸೇರಿ ಎಲ್ಲ ಲಿಪಿಗೂ ಒಗ್ಗುವ ಅಕ್ಷರ ಸಂಕೇತ) ಉಳಿಸಿ, ನೋಟೋ ಸ್ಯಾನ್ಸ್ ಕನ್ನಡ ಫಾಂಟ್ ಕೊಟ್ಟರೂ ಟಿವಿಯಲ್ಲಿ 'ಅಕ್ಕ' ಹೋಗಿ 'ಅಕ್‌ಕ' ಆಗುತ್ತಿದೆ. ಕಂಪ್ಯೂಟರಿನಲ್ಲಿ ಸರಿಯಿದೆ. ಚಿತ್ರದ ಮೇಲೇ ಅಚ್ಚೊತ್ತದೆ ಬೇರೆ ದಾರಿ ಇದ್ದರೆ ತಿಳಿಸಿ.