ಸಹಾಯ ಬೇಕು: ಹವಾಮಾನ ಮಾಡೆಲ್‌ನಲ್ಲಿ ಆಗುಂಬೆ ಮಳೆಯೇ ಕಾಣುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಎಂ.ಎಸ್ಸಿ. ಪ್ರಾಜೆಕ್ಟಿಗೆ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ (ಐಐಟಿಎಂ) ಇಡೀ ಭೂಮಿಯ ಹವಾಮಾನ ಲೆಕ್ಕ ಹಾಕುವ ಐಐಟಿಎಂ-ಇಎಸ್‌ಎಂ ಮಾಡೆಲ್‌ನ ಮಳೆ ಡೇಟಾ ಇಳಿಸಿಕೊಂಡಿದ್ದೇನೆ. ಮೊದಲ ದಿನ ಎಲ್ಲ ಕಡೆ 0.0001 ಥರದ ಅಂಕಿ ನೋಡಿ ಫೈಲೇ ಕೆಟ್ಟಿದೆ ಅಂದುಕೊಂಡಿದ್ದೆ. ಅದು ಸೆಕೆಂಡಿನ ಲೆಕ್ಕ! ದಿನದ ಸೆಕೆಂಡು 86400ರಿಂದ ಗುಣಿಸಿದ ಮೇಲೆ ದಿನದ ಮಿಲಿಮೀಟರ್ ಸಿಕ್ಕಿತು.

ಈಗ ಬೇರೆ ತಲೆನೋವು. ಮಾಡೆಲ್ ಭೂಮಿಯನ್ನು ಚೌಕಗಳಾಗಿ ಹಂಚಿ ಚೌಕಕ್ಕೊಂದೇ ಮಳೆ ಅಂಕಿ ಕೊಡುತ್ತದೆ; ಒಂದೊಂದು ಚೌಕ ಸುಮಾರು 200 ಕಿ.ಮೀ. ಅಗಲ. ಆಗುಂಬೆ, ಶಿವಮೊಗ್ಗ ಎರಡೂ ಒಂದೇ ಚೌಕದಲ್ಲಿ, ಜೊತೆಗೆ ಒಂದಿಷ್ಟು ಅರಬ್ಬೀ ಸಮುದ್ರ. ಘಟ್ಟವೇ ಸವೆದುಹೋದ ಹಾಗಿದೆ. ಎರಡೂರಿಗೂ ಒಂದೇ ಮಳೆ ಅಂದರೆ ನಮ್ಮಜ್ಜಿ ನಗುತ್ತಾರೆ.

ಡೌನ್‌ಸ್ಕೇಲಿಂಗ್ (ದೊಡ್ಡ ಚೌಕದ ಡೇಟಾದಿಂದ ಸಣ್ಣ ಜಾಗದ ಅಂಕಿ ತೆಗೆಯುವುದು) ಮಾಡಿದವರು ಯಾರಾದರೂ ಇದ್ದೀರಾ? ಹವಾಮಾನ ಇಲಾಖೆಯ 0.25 ಡಿಗ್ರಿ (ಸುಮಾರು 27 ಕಿ.ಮೀ. ಚೌಕ) ಮಳೆ ಡೇಟಾ ಇಟ್ಟುಕೊಂಡು ತಿದ್ದಿದರೆ ಸಾಕಾ, ಇಲ್ಲ ಬರೀ ನಮ್ಮ ಭಾಗವನ್ನು ಸಣ್ಣ ಚೌಕಗಳಲ್ಲಿ ಲೆಕ್ಕ ಹಾಕುವ ಪ್ರಾದೇಶಿಕ ಮಾಡೆಲ್ಲೇ ಓಡಿಸಬೇಕಾ? ನನ್ನ ಹತ್ರ ಇರುವುದು 8 ಜಿಬಿ ಲ್ಯಾಪ್‌ಟಾಪ್ ಅಷ್ಟೇ.